ಮುಟ್ಟಿದರೆ ತಿಳಿಯುವುದು ಹೇಗೆ? – ಸುಶ್ರುತನಿಂದ ವೆಲ್ಲೂರಿನ ತನಕ ಚರ್ಮದ ಕಥೆ



ರೇಡಿಯೋ ಎಂದರೆ ಕಿವಿಯ ಕೆಲಸ. ಈ ಸಲ ಕಿವಿಗೆ ಸ್ವಲ್ಪ ರಜೆ ಕೊಟ್ಟು ಚರ್ಮದ ಕಡೆ ತಿರುಗೋಣ. ನಮ್ಮ ಮೈಯ ಅಂಗಗಳಲ್ಲೆಲ್ಲ ಅತಿ ದೊಡ್ಡದು ಅದೇ. ವಯಸ್ಕರೊಬ್ಬರ ಚರ್ಮವನ್ನು ಹಾಸಿದರೆ ಒಂದೂವರೆಯಿಂದ ಎರಡು ಚದರ ಮೀಟರ್ ಆದೀತು. ಆದರೂ ನಾವು ಅದನ್ನು ನೆನೆಯುವುದು ತುರಿಸಿದಾಗ, ಸುಟ್ಟಾಗ ಅಥವಾ ಮೊಡವೆ ಎದ್ದಾಗ ಮಾತ್ರ. ಯಾರಿಗಾದರೂ ನಾಚಿಕೆಯಿಲ್ಲ ಎನ್ನಬೇಕಾದರೆ "ಅವನದು ಎಮ್ಮೆ ಚರ್ಮ" ಎನ್ನುತ್ತೇವೆ. ಸಂತೋಷವಾದರೆ ಮೈ ನವಿರೇಳುತ್ತದೆ, ಹೆದರಿದರೆ ಮೈ ಜುಮ್ಮೆನ್ನುತ್ತದೆ, ಒಂದೇ ಕಡೆ ಕುಳಿತರೆ ಕಾಲು ಜೋಮು ಹಿಡಿಯುತ್ತದೆ. ನಮ್ಮ ಭಾಷೆಗೆ ಚರ್ಮ ಬರಿಯ ಹೊದಿಕೆಯಲ್ಲವೆಂದು ಚೆನ್ನಾಗಿ ಗೊತ್ತು. ವಿಜ್ಞಾನಕ್ಕೆ ಅದರ ಗುಟ್ಟು ತಿಳಿಯಲು ಮಾತ್ರ ಬಹಳ ಕಾಲ ಹಿಡಿಯಿತು. ಆ ಕಥೆಯ ಒಂದು ದೊಡ್ಡ ಅಧ್ಯಾಯ ನಡೆದದ್ದು ನಮ್ಮ ನೆರೆಯಲ್ಲೇ, ವೆಲ್ಲೂರಿನಲ್ಲಿ!

ಭತ್ತದ ಕಾಳಿನ ಅಳತೆ

ಮೊದಲು ಹಳೆಯ ಕಾಲಕ್ಕೆ ಹೋಗೋಣ. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಚರ್ಮಕ್ಕೆ ಏಳು ಪದರಗಳನ್ನು ಹೇಳಿದೆ. ಹಾಲು ಕಾಯಿಸಿದಾಗ ಕೆನೆ ಕಟ್ಟುವಂತೆ ಗರ್ಭದಲ್ಲಿ ಈ ಪದರಗಳು ಮೂಡುತ್ತವೆ ಎಂಬುದು ಅಲ್ಲಿಯ ಹೋಲಿಕೆ. ಅವಭಾಸಿನಿ, ಲೋಹಿತಾ, ಶ್ವೇತಾ, ತಾಮ್ರಾ, ವೇದಿನಿ, ರೋಹಿಣಿ, ಮಾಂಸಧರಾ ಎಂದು ಹೆಸರುಗಳು. ಪದರಗಳ ದಪ್ಪವನ್ನು ಭತ್ತದ ಕಾಳಿನ ಲೆಕ್ಕದಲ್ಲಿ ಕೊಟ್ಟಿರುವುದು ಇನ್ನೂ ಸೊಗಸು. ಮೈಕ್ರೋಸ್ಕೋಪ್ ಇಲ್ಲದ ಕಾಲ, ಕೈಗೆ ಸಿಕ್ಕ ಅಳತೆಗೋಲೇ ಕಾಳು!

ಐದನೆಯ ಪದರದ ಹೆಸರನ್ನು ಸ್ವಲ್ಪ ಗಮನಿಸಿ. 'ವೇದಿನಿ'. ವೇದನೆ, ಸಂವೇದನೆ ಎಂಬ ನಮ್ಮ ಮಾತುಗಳ ಬಳಗದ್ದೇ ಈ ಪದ. ಅರಿಯುವಂಥದ್ದು ಎಂದು ಅರ್ಥ. ಇದರ ದಪ್ಪ ಕಾಳಿನ ಐದನೆಯ ಒಂದು ಪಾಲು. ಕುಷ್ಠ ನೆಲೆಗೊಳ್ಳುವ ಜಾಗವೂ ಇದೇ ಎನ್ನುತ್ತದೆ ಗ್ರಂಥ. ಆಗ 'ಕುಷ್ಠ' ಎಂದರೆ ಹಲವು ಚರ್ಮರೋಗಗಳಿಗೆ ಒಟ್ಟು ಹೆಸರು. ಆದರೂ ಚರ್ಮದಲ್ಲಿ ಕುಷ್ಠ ಸೇರಿದರೆ ಮುಟ್ಟಿದ್ದು ತಿಳಿಯದಂತಾಗುತ್ತದೆ ಎಂಬ ಲಕ್ಷಣವನ್ನೂ ಅದೇ ಸಂಹಿತೆ ಬರೆದಿಟ್ಟಿದೆ. ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಂದಿನ ಲೆಕ್ಕದಲ್ಲಿ ಮುಖ್ಯ ಪದರಗಳು ಎರಡು. ಮೇಲಿನದು ಹೊರಚರ್ಮ. ಅದರಲ್ಲಿ ರಕ್ತನಾಳವೇ ಇಲ್ಲ. ತಳದಲ್ಲಿ ಹುಟ್ಟಿದ ಜೀವಕೋಶಗಳು ಮೇಲಕ್ಕೆ ಸರಿಯುತ್ತಾ, ಸಾಯುತ್ತಾ, ಸುಮಾರು ಒಂದು ತಿಂಗಳಲ್ಲಿ ಉದುರಿಹೋಗುತ್ತವೆ. ನೀವು ಸ್ನಾನದಲ್ಲಿ ಉಜ್ಜಿ ತೆಗೆಯುವ ಕೊಳೆಯಲ್ಲಿ ನಿಮ್ಮದೇ ಹಳೆಯ ಚರ್ಮವೂ ಇರುತ್ತದೆ. ಅದರ ಕೆಳಗಿನದು ಒಳಚರ್ಮ. ರಕ್ತನಾಳ, ಬೆವರಿನ ಗ್ರಂಥಿ, ಕೂದಲಿನ ಬೇರು, ನರಗಳ ತುದಿ ಎಲ್ಲವೂ ಅಲ್ಲಿ. ಇವೆರಡರ ಅಡಿಯಲ್ಲಿ ಕೊಬ್ಬಿನ ಹಾಸಿಗೆ. ರೆಪ್ಪೆಯ ಮೇಲೆ ಚರ್ಮ ಒಂದು ಮಿಲಿಮೀಟರಿಗಿಂತ ತೆಳು. ಅಂಗಾಲಿನಲ್ಲಿ ಅದರ ಹಲವು ಪಟ್ಟು ದಪ್ಪ.

ಹೇರ್‌ಪಿನ್ನಿನ ಪ್ರಯೋಗ

ಈಗ ಒಂದು ಆಟ ಆಡೋಣ. ಒಂದು ಹೇರ್‌ಪಿನ್ ತೆಗೆದುಕೊಂಡು ಎರಡು ತುದಿಗಳ ನಡುವೆ ಒಂದು ಸೆಂಟಿಮೀಟರ್ ಅಂತರ ಬರುವಂತೆ ಬಗ್ಗಿಸಿ. ಮನೆಯವರ ಕಣ್ಣು ಮುಚ್ಚಿಸಿ ಅವರ ಬೆರಳ ತುದಿಗೆ ಮೆಲ್ಲಗೆ ತಾಗಿಸಿ. "ಎರಡು" ಎನ್ನುತ್ತಾರೆ. ಅದೇ ಪಿನ್ನನ್ನು ಬೆನ್ನಿಗೆ ತಾಗಿಸಿ ಕೇಳಿ. "ಒಂದೇ" ಎನ್ನುತ್ತಾರೆ! ಜರ್ಮನಿಯ ಲೈಪ್‌ಜಿಗ್ ನಗರದ ಪ್ರೊಫೆಸರ್ ಅರ್ನ್ಸ್ಟ್ ಹೈನ್ರಿಖ್ ವೆಬರ್ ಇದೇ ಆಟವನ್ನು ಕೈವಾರ ಹಿಡಿದು ಆಡಿ 1834ರಲ್ಲಿ ಪುಸ್ತಕ ಬರೆದರು. ನಾಲಿಗೆಯ ತುದಿಯಲ್ಲಿ ಒಂದು ಮಿಲಿಮೀಟರ್ ಅಂತರ ಸಾಕು, ಎರಡು ಚುಕ್ಕೆ ಬೇರೆಬೇರೆ ಎಂದು ತಿಳಿಯುತ್ತದೆ. ಬೆರಳ ತುದಿಗೆ ಎರಡು ಮಿಲಿಮೀಟರ್ ಬೇಕು. ಬೆನ್ನಿಗೆ ನಾಲ್ಕು ಸೆಂಟಿಮೀಟರ್, ಇನ್ನೂ ಹೆಚ್ಚೇ ಬೇಕು. ಸ್ಪರ್ಶಕ್ಕೂ ಅಳತೆ ಇದೆ ಎಂದು ಲೋಕಕ್ಕೆ ಗೊತ್ತಾದದ್ದು ಹೀಗೆ.

ಆದರೆ ವೆಬರ್‌ಗಿಂತ ಹತ್ತು ವರ್ಷ ಮೊದಲೇ ಒಬ್ಬ ಹುಡುಗ ಇದನ್ನು ತನ್ನ ಬೆರಳಿನಿಂದಲೇ ಕಂಡುಕೊಂಡಿದ್ದ. ಪ್ಯಾರಿಸ್ಸಿನ ಅಂಧರ ಶಾಲೆಯ ಲೂಯಿ ಬ್ರೈಲ್. ಶಾರ್ಲ್ ಬಾರ್ಬಿಯೇ ಎಂಬಾತ ಹನ್ನೆರಡು ಚುಕ್ಕೆಗಳ ಲಿಪಿ ಮಾಡಿದ್ದರು. ಹನ್ನೆರಡು ಚುಕ್ಕೆ ಒಂದು ಬೆರಳ ತುದಿಯಡಿ ಹಿಡಿಯುವುದಿಲ್ಲ. ಬೆರಳನ್ನು ಮೇಲೆ ಕೆಳಗೆ ಆಡಿಸಬೇಕು. ಹದಿನೈದರ ಬ್ರೈಲ್ 1824ರಲ್ಲಿ ಅದನ್ನು ಆರಕ್ಕೆ ಇಳಿಸಿದ. ಆ ಚುಕ್ಕೆಗಳ ನಡುವಿನ ಅಂತರ ಸುಮಾರು ಎರಡೂವರೆ ಮಿಲಿಮೀಟರ್. ಬೆರಳು ಬೇರ್ಪಡಿಸಬಲ್ಲ ಎಲ್ಲೆಗಿಂತ ಕೂದಲೆಳೆಯಷ್ಟು ಹೆಚ್ಚು, ಅಷ್ಟೇ! ನಮ್ಮಲ್ಲಿ 1951ರಲ್ಲಿ ಭಾರತಿ ಬ್ರೈಲ್ ಜಾರಿಗೆ ಬಂತು. ಕನ್ನಡದ 'ಕ', ತಮಿಳಿನ 'ಕ', ಹಿಂದಿಯ 'ಕ' ಮೂರಕ್ಕೂ ಅಲ್ಲಿ ಒಂದೇ ಚುಕ್ಕೆಗುರುತು. ಕಣ್ಣಿಗೆ ಬೇರೆಯಾದ ಅಕ್ಷರಗಳು ಚರ್ಮಕ್ಕೆ ಒಂದಾದವು ಎನ್ನಬಹುದು.

ಈರುಳ್ಳಿಯಂಥ ಮಣಿ

ಅಳತೆ ಸಿಕ್ಕಿತು. ಆದರೆ ಮುಟ್ಟಿದ್ದನ್ನು ಹಿಡಿಯುವ ಸಾಧನ ಎಲ್ಲಿದೆ? 1831ರಲ್ಲಿ ಇಟಲಿಯ ಪಿಸ್ತೋಯಾ ಎಂಬ ಊರಿನಲ್ಲಿ ಫಿಲಿಪ್ಪೋ ಪಚಿನಿ ಎಂಬ ವೈದ್ಯಕೀಯ ವಿದ್ಯಾರ್ಥಿ ಹೆಣದ ಕೈಯನ್ನು ಸೀಳುತ್ತಿದ್ದಾಗ ನರಗಳಿಗೆ ಅಂಟಿಕೊಂಡ ಪುಟ್ಟ ಮಣಿಗಳನ್ನು ಕಂಡ. ಒಂದೊಂದೂ ಸುಮಾರು ಒಂದು ಮಿಲಿಮೀಟರ್. ಕತ್ತರಿಸಿ ನೋಡಿದರೆ ಈರುಳ್ಳಿಯಂತೆ ಪದರದ ಮೇಲೆ ಪದರ! ಜರ್ಮನಿಯ ಅಬ್ರಹಾಂ ಫಾಟರ್ ಇವನ್ನು ತೊಂಬತ್ತು ವರ್ಷ ಮೊದಲೇ ಕಂಡಿದ್ದರೂ ಜನ ಮರೆತುಬಿಟ್ಟಿದ್ದರು.

ಆಮೇಲೆ ಒಬ್ಬರ ಹಿಂದೆ ಒಬ್ಬರು ಬಂದರು. 1852ರಲ್ಲಿ ಗಾಟಿಂಗೆನ್ ನಗರದ ಗೇಯಾರ್ಗ್ ಮೈಸ್ನರ್ ಬೆರಳ ತುದಿಯಲ್ಲಿ ಇನ್ನೊಂದು ಬಗೆಯ ಮಣಿ ಕಂಡರು. ಕಂಡದ್ದು ತಾನೋ ತನ್ನ ಗುರು ರುಡಾಲ್ಫ್ ವಾಗ್ನರೋ ಎಂದು ಇಬ್ಬರಿಗೂ ಜಗಳವಾಯಿತು. 1875ರಲ್ಲಿ ಫ್ರೀಡ್ರಿಖ್ ಮೆರ್ಕೆಲ್, 1890ರ ದಶಕದಲ್ಲಿ ಇಟಲಿಯ ಆಂಜೆಲೋ ರುಫಿನಿ ಉಳಿದೆರಡನ್ನು ಪತ್ತೆಮಾಡಿದರು.

ಈ ನಾಲ್ವರ ಹೆಸರಿನ ಸಾಧನಗಳೂ ಈಗ ನಿಮ್ಮ ಕೈಯಲ್ಲಿ ದುಡಿಯುತ್ತಿವೆ. ಜೇಬಿನ ನಾಣ್ಯ ಒಂದು ರೂಪಾಯಿಯದೋ ಎರಡರದೋ ಎಂದು ಅಂಚು ಸವರಿ ಹೇಳುವುದು ಮೆರ್ಕೆಲ್ ಕೋಶಗಳ ಕೆಲಸ. ಒದ್ದೆ ಲೋಟ ಜಾರುತ್ತಿದ್ದಂತೆ ಹಿಡಿತ ಬಿಗಿಯಾಗುವುದು ಮೈಸ್ನರ್ ಮಣಿಗಳಿಂದ. ಚರ್ಮ ಹಿಗ್ಗಿದ್ದನ್ನು ತಿಳಿಸುವುದು ರುಫಿನಿಯ ತುದಿಗಳು. ಇನ್ನು ಪಚಿನಿಯ ಈರುಳ್ಳಿ? ನಮ್ಮ ಕಾರ್ಯಕ್ರಮ ಬರುವಾಗ ರೇಡಿಯೋ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನೋಡಿ. ಗುಂಯ್ ಎನ್ನುವ ಆ ಕಂಪನವನ್ನು ಹಿಡಿಯುವುದು ಅದೇ. ಜೇಬಿನಲ್ಲಿ ಮೊಬೈಲ್ ನಡುಗಿದ್ದು ತಿಳಿಯುವುದೂ ಅದರಿಂದಲೇ. ಬಿಸಿ, ತಣ್ಣನೆ, ನೋವು, ತುರಿಕೆ ಇವಕ್ಕೆ ಮಣಿಯೂ ಇಲ್ಲ, ಪದರವೂ ಇಲ್ಲ. ಬರಿಯ ನರದ ಬೆತ್ತಲೆ ತುದಿಗಳು.

ಕೂದಲಿನಿಂದ ಚುಚ್ಚಿದವರು, ನರವನ್ನೇ ಕತ್ತರಿಸಿಕೊಂಡವರು

1882ರಿಂದ 1885ರ ನಡುವೆ ಸ್ವೀಡನ್ನಿನ ಮಾಗ್ನುಸ್ ಬ್ಲಿಕ್ಸ್, ಬರ್ಲಿನ್ನಿನ ಆಲ್ಫ್ರೆಡ್ ಗೋಲ್ಡ್‌ಶೈಡರ್, ಅಮೆರಿಕದ ಹೆನ್ರಿ ಡೊನಾಲ್ಡ್‌ಸನ್ ಮೂವರೂ ಒಬ್ಬರಿಗೊಬ್ಬರು ತಿಳಿಯದಂತೆ ಒಂದೇ ಸಂಗತಿ ಕಂಡರು: ಚರ್ಮದ ಮೇಲೆ ಬಿಸಿಗೆ ಬೇರೆ, ತಣ್ಣನೆಗೆ ಬೇರೆ ಚುಕ್ಕೆಗಳಿವೆ. 1890ರ ದಶಕದಲ್ಲಿ ಮ್ಯಾಕ್ಸ್ ಫಾನ್ ಫ್ರೈ ಎಂಬಾತ ಒಂದು ಬಡಪಾಯಿ ಉಪಕರಣ ಮಾಡಿದರು. ಕಡ್ಡಿಯ ತುದಿಗೆ ಒಂದು ಕೂದಲು, ಅಷ್ಟೇ. ಕೂದಲು ಬಾಗುವ ತನಕ ಚರ್ಮಕ್ಕೆ ಒತ್ತಿದರೆ ಒತ್ತಡ ಪ್ರತಿ ಸಲವೂ ಒಂದೇ ಇರುತ್ತದೆ. ತೆಳು ಕೂದಲು, ದಪ್ಪ ಕೂದಲು ಬಳಸಿ ಯಾವ ಜಾಗ ಎಷ್ಟು ಒತ್ತಡಕ್ಕೆ ಎಚ್ಚರವಾಗುತ್ತದೆ ಎಂದು ಅಳೆದರು. ಈ ಕೂದಲಿನ ಕಡ್ಡಿಯನ್ನೂ ನೆನಪಿಡಿ.

ಇಂಗ್ಲೆಂಡಿನಲ್ಲಿ ಡಾ. ಹೆನ್ರಿ ಹೆಡ್ ಎಂಬ ನರತಜ್ಞರಿಗೆ ಇನ್ನೊಂದು ಚಿಂತೆ. ಪೆಟ್ಟಾದ ನರ ಮತ್ತೆ ಬೆಳೆಯುವಾಗ ಸ್ಪರ್ಶ ಹೇಗೆ ಮರಳುತ್ತದೆ? ರೋಗಿಗಳು ಸರಿಯಾಗಿ ವಿವರಿಸಲಾರರು. ಹಾಗಾಗಿ 1903ರ ಏಪ್ರಿಲ್‌ನಲ್ಲಿ ತಮ್ಮದೇ ಎಡಗೈಯ ನರವನ್ನು ಕತ್ತರಿಸಿ ಹೊಲಿಸಿಕೊಂಡರು! ಮುಂದಿನ ನಾಲ್ಕು ವರ್ಷಕ್ಕೂ ಮೇಲ್ಪಟ್ಟು ಅವರ ಕೈಯನ್ನು ಪರೀಕ್ಷಿಸಿದವರು ಕೇಂಬ್ರಿಜ್‌ನ ಡಬ್ಲ್ಯೂ. ಎಚ್. ಆರ್. ರಿವರ್ಸ್. ಇವರು ನಮಗೆ ಅಪರಿಚಿತರಲ್ಲ. 1901-02ರಲ್ಲಿ ನೀಲಗಿರಿಗೆ ಬಂದು ತೋಡರ ನಡುವೆ ಓಡಾಡಿ, ಅವರ ರೀತಿನೀತಿಗಳ ಜೊತೆಗೆ ಇಂದ್ರಿಯಶಕ್ತಿಯನ್ನೂ ಅಳೆದು ಬರೆದವರು ಇವರೇ. ಹೆಡ್ ಅವರ ಕೈಗೆ ಮೊದಲು ಮರಳಿದ್ದು ಒರಟಾದ ನೋವು. ಹತ್ತಿಯ ಹಗುರ ಸ್ಪರ್ಶ, ಎರಡು ಚುಕ್ಕೆಗಳ ಭೇದ ಬಂದದ್ದು ಬಹಳ ತಡವಾಗಿ. ಇದರಿಂದ ಅವರು ಕಟ್ಟಿದ ಸಿದ್ಧಾಂತವನ್ನು ಮುಂದಿನವರು ಪೂರ್ತಿ ಒಪ್ಪಲಿಲ್ಲ. ಆದರೆ ಸ್ಪರ್ಶ ಎನ್ನುವುದು ಒಂದೇ ಇಂದ್ರಿಯವಲ್ಲ, ಹಲವು ಇಂದ್ರಿಯಗಳ ಒಟ್ಟು ಕುಟುಂಬ ಎಂಬುದು ಗಟ್ಟಿಯಾಯಿತು.

ವೆಲ್ಲೂರಿನ ಪಾಠ

ಇಷ್ಟೆಲ್ಲ ಗೊತ್ತಾದರೂ ಒಂದು ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಸ್ಪರ್ಶ ಪೂರ್ತಿ ಹೋದರೆ ಮನುಷ್ಯನಿಗೆ ಏನಾಗುತ್ತದೆ?

ಕೇಳಬೇಕಾದ ಜನ ಕಣ್ಣೆದುರಿಗೇ ಇದ್ದರು. ಸಾವಿರಾರು ವರ್ಷಗಳಿಂದ ಊರಾಚೆ ದೂಡಲ್ಪಟ್ಟವರು, ಕುಷ್ಠ ತಗುಲಿದವರು. 1873ರಲ್ಲಿ ನಾರ್ವೆಯ ಬರ್ಗೆನ್ ನಗರದಲ್ಲಿ ಡಾ. ಗೆರ್ಹಾರ್ಡ್ ಆರ್ಮವರ್ ಹಾನ್ಸೆನ್ ಈ ರೋಗದ ಬ್ಯಾಕ್ಟೀರಿಯಾ ಕಂಡುಹಿಡಿದು, ಇದು ಶಾಪವೂ ಅಲ್ಲ, ವಂಶದ ದೋಷವೂ ಅಲ್ಲ ಎಂದು ತೋರಿಸಿದ್ದರು. ಆದರೂ ಕುಷ್ಠ ಬಂದವರ ಮಾಂಸವೇ ಕೆಟ್ಟದ್ದು, ಅದು ತಾನಾಗಿ ಕೊಳೆತು ಬೆರಳು ಉದುರುತ್ತವೆ, ಗಾಯ ಮಾಯುವುದೇ ಇಲ್ಲ ಎಂಬ ನಂಬಿಕೆ ವೈದ್ಯರಲ್ಲೂ ಉಳಿದಿತ್ತು.

ಬೆಂಗಳೂರು–ಚೆನ್ನೈ ರೈಲಿನಲ್ಲಿ ಓಡಾಡುವವರಿಗೆ ಕಾಟ್ಪಾಡಿ ಸ್ಟೇಷನ್ ಗೊತ್ತಿರುತ್ತದೆ. ಅಲ್ಲಿ ಇಳಿದರೆ ವೆಲ್ಲೂರು. ಅಲ್ಲಿಯ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ 1946ರಲ್ಲಿ ಒಬ್ಬ ಶಸ್ತ್ರಚಿಕಿತ್ಸಕರು ಬಂದರು. ಹೆಸರು ಪಾಲ್ ಬ್ರ್ಯಾಂಡ್. ಹುಟ್ಟಿದ್ದು 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ, ಓದಿದ್ದು ಲಂಡನ್ನಿನಲ್ಲಿ. ಮರುವರ್ಷ ಚೆಂಗಲ್‌ಪಟ್ಟಿನ ಕುಷ್ಠರೋಗ ಆಸ್ಪತ್ರೆಗೆ ಡಾ. ರಾಬರ್ಟ್ ಕಾಕ್ರೇನ್ ಅವರನ್ನು ಕಾಣಲು ಹೋದರು. ಅಲ್ಲಿ ಕೈಬೆರಳು ಮಡಚಿಹೋಗಿದ್ದ ಒಬ್ಬ ಯುವಕನಿಗೆ "ನನ್ನ ಕೈಯನ್ನು ಹಿಸುಕು" ಎಂದರು. ಅವನು ಹಿಸುಕಿದ ರಭಸಕ್ಕೆ ಬ್ರ್ಯಾಂಡ್ ನೋವಿನಿಂದ ಕೂಗುವಂತಾಯಿತು! ಸತ್ತ ಕೈ ಎಂದುಕೊಂಡಿದ್ದರೆ ಅದರಲ್ಲಿ ಅಷ್ಟು ಶಕ್ತಿ. ಹಿಸುಕಿದವನಿಗೆ ತಾನು ನೋಯಿಸುತ್ತಿದ್ದೇನೆ ಎಂಬ ಅರಿವೇ ಇರಲಿಲ್ಲ. ಹಾಗಾದರೆ ಸ್ನಾಯು ಬದುಕಿದೆ. ಸತ್ತಿರುವುದು ಯಾವುದು?

ಇನ್ನೊಮ್ಮೆ ತುಕ್ಕು ಹಿಡಿದ ಬೀಗವೊಂದು ಅವರ ಕೈಯಲ್ಲಿ ತೆರೆಯಲಿಲ್ಲ. ರೋಗಿಯಾಗಿದ್ದ ಒಬ್ಬ ಹುಡುಗ ಬಂದು ಕೀಲಿಯನ್ನು ಸಲೀಸಾಗಿ ತಿರುಗಿಸಿದ. ಅವನ ಬೆರಳನ್ನು ನೋಡಿದರೆ ಕೀಲಿಯ ಅಂಚು ಮೂಳೆಯ ತನಕ ಕೊಯ್ದಿದೆ, ನೆತ್ತರು ಸುರಿಯುತ್ತಿದೆ, ಹುಡುಗನಿಗೆ ಗೊತ್ತೇ ಇಲ್ಲ. ನಾವಾಗಿದ್ದರೆ ಅಷ್ಟು ಬಲ ಹಾಕುವ ಎಷ್ಟೋ ಮೊದಲೇ ನೋವು ನಮ್ಮನ್ನು ತಡೆದುಬಿಡುತ್ತಿತ್ತು.

ಬ್ರ್ಯಾಂಡ್ ಮತ್ತು ಅವರ ತಂಡ ರೋಗಿಗಳ ಒಂದೊಂದು ಗಾಯಕ್ಕೂ ಕಾರಣ ಹುಡುಕತೊಡಗಿದರು. ಕಾದ ಪಾತ್ರೆ ಬರಿಗೈಯಲ್ಲಿ ಹಿಡಿದದ್ದು, ಚಪ್ಪಲಿಯ ಮೊಳೆ ಇಡೀ ದಿನ ಚುಚ್ಚಿದ್ದು, ಸುತ್ತಿಗೆಯ ಹಿಡಿ ತೊಗಲು ಸುಲಿದದ್ದು. ಆದರೂ ಕೆಲವರ ಬೆರಳು ರಾತ್ರಿ ಬೆಳಗಾಗುವುದರೊಳಗೆ ಕಾಣೆಯಾಗುತ್ತಿತ್ತು. ಇದೇನು ಮಾಯೆ? ಕಾವಲು ಕುಳಿತು ನೋಡಿದರೆ ಇಲಿಗಳು! ನಿದ್ದೆಯಲ್ಲಿದ್ದವರ ಬೆರಳನ್ನು ಇಲಿ ಕಡಿಯುತ್ತಿತ್ತು, ಅವರಿಗೆ ಎಚ್ಚರವಾಗುತ್ತಿರಲಿಲ್ಲ. ಅಂದಿನಿಂದ ಅಲ್ಲಿಂದ ಮನೆಗೆ ಹೊರಡುವವರ ಜೊತೆಗೆ ಒಂದು ಬೆಕ್ಕನ್ನೂ ಕಳಿಸುವ ಪದ್ಧತಿ ಬಂತು. ವೈದ್ಯಶಾಸ್ತ್ರದ ಇತಿಹಾಸದಲ್ಲಿ ಬೆಕ್ಕೂ ಔಷಧಿಯಾದ ಉದಾಹರಣೆ ಇದೊಂದೇ ಇರಬೇಕು!

ಕೊನೆಗೆ ತಿಳಿದದ್ದು ಇಷ್ಟು. ಈ ಬ್ಯಾಕ್ಟೀರಿಯಾಕ್ಕೆ ತಣ್ಣನೆಯ ಜಾಗ ಇಷ್ಟ. ಮೈಯ ಮೇಲ್ಭಾಗಕ್ಕೆ ಹತ್ತಿರವಿರುವ ನರಗಳಲ್ಲಿ ಅದು ಮನೆ ಮಾಡುತ್ತದೆ. ಮೊಣಕೈ ತಗುಲಿದರೆ ಕರೆಂಟ್ ಹೊಡೆದಂತಾಗುವುದಲ್ಲ, ಆ ನರ ಅಂಥದ್ದೊಂದು. ನರ ಸತ್ತರೆ ಕೈಕಾಲಿಗೆ ಅರಿವು ಹೋಗುತ್ತದೆ, ಕೆಲವು ಸ್ನಾಯುಗಳೂ ಸೋಲುತ್ತವೆ. ಕಣ್ಣಿನ ಮೇಲ್ಮೈಯ ಅರಿವು ಹೋದರೆ ಧೂಳು ಬಿದ್ದರೂ ರೆಪ್ಪೆ ಬಡಿಯುವುದಿಲ್ಲ, ದೃಷ್ಟಿ ಹೋಗುತ್ತದೆ. ಇದನ್ನು ನೋಡಿಕೊಂಡವರು ಬ್ರ್ಯಾಂಡ್ ಅವರ ಪತ್ನಿ, ಕಣ್ಣಿನ ವೈದ್ಯೆ ಮಾರ್ಗರೆಟ್. ಮಾಂಸ ಕೆಟ್ಟದ್ದಲ್ಲ, ಗಾಯವನ್ನು ಕಾಪಾಡಿದರೆ ಎಲ್ಲರಂತೆಯೇ ಮಾಯುತ್ತದೆ. ರೋಗ ಕದಿಯುವುದು ನೋವನ್ನು. ಉಳಿದ ಹಾನಿಯಲ್ಲಿ ಬಹುಪಾಲನ್ನು ಕಾವಲಿಲ್ಲದ ಕೈಕಾಲುಗಳು ತಾವೇ ಮಾಡಿಕೊಳ್ಳುತ್ತವೆ.

1948ರಿಂದ ಬ್ರ್ಯಾಂಡ್ ಒಳ್ಳೆಯ ಸ್ನಾಯುಗಳ ಕಂಡರಗಳನ್ನು ಸೋತ ಬೆರಳುಗಳಿಗೆ ಜೋಡಿಸಿ ಮಡಚಿದ ಕೈಗಳನ್ನು ಬಿಡಿಸಿದರು. ಅರಿವಿಲ್ಲದ ಪಾದಗಳಿಗೆಂದು ಮೆತ್ತನೆಯ ರಬ್ಬರಿನ ಚಪ್ಪಲಿಗಳು ತಯಾರಾದವು. ಅವರ ಜೊತೆ ಕೆಲಸ ಮಾಡಿದ ಡಾ. ಮೇರಿ ವರ್ಗೀಸ್ ಅವರನ್ನು ನೆನೆಯದೆ ಈ ಕಥೆ ಮುಗಿಯದು. 1954ರ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಅವರ ಚಲನೆಯೂ ಅರಿವೂ ಹೋಯಿತು. ಗಾಲಿಕುರ್ಚಿಯಲ್ಲಿ ಕುಳಿತೇ ಅವರು ಕುಷ್ಠ ತಗುಲಿದವರ ಕೈಗಳಿಗೆ ಶಸ್ತ್ರಕ್ರಿಯೆ ಮಾಡಿದರು. ಅರಿವು ಕಳೆದುಕೊಂಡವರ ಕೈಯನ್ನು ಅರಿವು ಕಳೆದುಕೊಂಡ ವೈದ್ಯೆಯೇ ಸರಿಪಡಿಸಿದರು!

ಬ್ರ್ಯಾಂಡ್ 1966ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿ ನೋವಿನ ಬದಲಿಗೆ ಎಚ್ಚರಿಕೆ ಕೊಡುವ ವಿದ್ಯುತ್ ಕೈಗವಸು ಮಾಡಲು ಹೊರಟರು. ಬರಿಯ ಸದ್ದು ಕೊಟ್ಟರೆ ಜನ ಲೆಕ್ಕಿಸಲಿಲ್ಲ. ಶಾಕ್ ಕೊಡುವಂತೆ ಮಾಡಿದರೆ, ಬೇಕಾದ ಕೆಲಸ ಇದ್ದಾಗ ಅದನ್ನು ಬಂದ್ ಮಾಡಿಬಿಟ್ಟರು. ಕೊನೆಗೆ ಆ ಪ್ರಯತ್ನವನ್ನೇ ಬಿಡಬೇಕಾಯಿತು. ನಾವು ಬೈದುಕೊಳ್ಳುವ ನೋವಿಗೆ ಸ್ವಿಚ್ ಇಲ್ಲದಿರುವುದೇ ಅದರ ದೊಡ್ಡ ಗುಣ! ಬ್ರ್ಯಾಂಡ್ 2003ರಲ್ಲಿ ತೀರಿಕೊಂಡರು.

ಮೆಣಸಿನಕಾಯಿಗೆ ನೊಬೆಲ್

ನರದ ತುದಿಯೊಳಗೆ ಏನು ನಡೆಯುತ್ತದೆ ಎಂಬುದು ತಿಳಿದದ್ದು ತೀರಾ ಈಚೆಗೆ. 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ತಂಡ ಮೆಣಸಿನಕಾಯಿಯ ಖಾರವನ್ನು ಹಿಡಿದು ಹೊರಟು, ಸುಡುವ ಬಿಸಿಯನ್ನು ಗುರುತಿಸುವ ಪ್ರೋಟೀನನ್ನೇ ಕಂಡುಹಿಡಿಯಿತು. ಖಾರಕ್ಕೂ ಸುಡುವ ಬಿಸಿಗೂ ಬಾಗಿಲು ಒಂದೇ. ಬ್ಯಾಡಗಿ ಮೆಣಸಿನಕಾಯಿ ಕೆಂಪಾಗಿದ್ದರೂ ಅಷ್ಟಾಗಿ ಸುಡದು, ಗುಂಟೂರಿನದು ಬಾಯಿ ಸುಡುತ್ತದೆ. ಹೈದರಾಬಾದಿನ ಕೇಳುಗರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ! 2010ರಲ್ಲಿ ಆರ್ಡೆಮ್ ಪಟಪೂಟಿಯನ್ ತಂಡ ಒತ್ತಡಕ್ಕೆ ತೆರೆದುಕೊಳ್ಳುವ ಪ್ರೋಟೀನುಗಳನ್ನು ಪತ್ತೆಮಾಡಿತು. ಇಬ್ಬರಿಗೂ 2021ರಲ್ಲಿ ವೈದ್ಯಕೀಯ ನೊಬೆಲ್ ಬಂತು.

ಈಗ ನಿಮ್ಮ ಪಾದ ನೋಡಿಕೊಳ್ಳಿ

ಕುಷ್ಠ ಇಂದು ಪೂರ್ತಿ ವಾಸಿಯಾಗುವ ರೋಗ. 1981ರಿಂದ ಬಹು ಔಷಧ ಚಿಕಿತ್ಸೆ ಇದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. 2005ರ ಕೊನೆಗೆ ನಮ್ಮ ದೇಶದಲ್ಲಿ ಇದರ ಪ್ರಮಾಣ ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಿತು. ಆದರೂ ವರ್ಷಕ್ಕೆ ಲಕ್ಷದ ಆಸುಪಾಸು ಹೊಸಬರು ಪತ್ತೆಯಾಗುತ್ತಲೇ ಇದ್ದಾರೆ. ಕಾನೂನು ಬದಲಾದದ್ದು ಇನ್ನೂ ನಿಧಾನ. ರೋಗಿಗಳನ್ನು ಬೇರ್ಪಡಿಸಲು ಬ್ರಿಟಿಷರು 1898ರಲ್ಲಿ ಮಾಡಿದ ಕಾಯಿದೆ ರದ್ದಾದದ್ದು 2016ರಲ್ಲಿ; ವಿಚ್ಛೇದನಕ್ಕೆ ಕುಷ್ಠ ಒಂದು ಕಾರಣ ಎಂಬುದನ್ನು ತೆಗೆದುಹಾಕಿದ್ದು 2019ರಲ್ಲಿ. ಮೈಮೇಲೆ ಬಣ್ಣ ಮಾಸಿದ, ಮುಟ್ಟಿದರೆ ತಿಳಿಯದ ಮಚ್ಚೆ ಕಂಡರೆ ಮುಚ್ಚಿಡಬೇಡಿ, ವೈದ್ಯರಿಗೆ ತೋರಿಸಿ. ಸುಶ್ರುತ ಸಂಹಿತೆ ಬರೆದಿಟ್ಟ ಲಕ್ಷಣ ಅದೇ ತಾನೆ?

ಇನ್ನೊಂದು ಮಾತು ನಮ್ಮ ನಿಮ್ಮೆಲ್ಲರ ಮನೆಗೆ ಸೇರಿದ್ದು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಮಧುಮೇಹ ಇರುವವರು ಸುಮಾರು 10 ಕೋಟಿ 10 ಲಕ್ಷ. ಸಕ್ಕರೆ ಬಹಳ ಕಾಲ ಹತೋಟಿ ತಪ್ಪಿದರೆ ಪಾದದ ನರಗಳು ಸಾಯುತ್ತವೆ. ಆಗ ನಡೆಯುವುದು ವೆಲ್ಲೂರಿನಲ್ಲಿ ಕಂಡ ಕಥೆಯೇ: ಮುಳ್ಳು ಚುಚ್ಚಿದರೂ ತಿಳಿಯದು, ಗಾಯ ಹುಣ್ಣಾಗುತ್ತದೆ, ಬೆರಳು ತೆಗೆಸಬೇಕಾಗುತ್ತದೆ. ಬೇಸಿಗೆಯ ಮಧ್ಯಾಹ್ನ ದೇವಸ್ಥಾನದ ಕಾದ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ಪ್ರದಕ್ಷಿಣೆ ಹಾಕಿ, ಮನೆಗೆ ಬಂದ ಮೇಲೆ ಅಂಗಾಲಿನ ಬೊಬ್ಬೆ ನೋಡಿಕೊಳ್ಳುವ ಹಿರಿಯರು ಎಷ್ಟೋ ಮಂದಿ.

ಇದನ್ನು ಮೊದಲೇ ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ವೈದ್ಯರು ನೈಲಾನಿನ ಒಂದು ಎಳೆಯನ್ನು ಅಂಗಾಲಿಗೆ ಒತ್ತಿ, ಅದು ಬಾಗಿದಾಗ "ತಿಳಿಯಿತೇ?" ಎಂದು ಕೇಳುತ್ತಾರೆ. ಹತ್ತು ಗ್ರಾಂ ಒತ್ತಡ, ಕೆಲವೇ ನಿಮಿಷದ ಕೆಲಸ. ಅದು ಬೇರೇನಲ್ಲ, ಫಾನ್ ಫ್ರೈ ಅವರ ಕೂದಲಿನ ಕಡ್ಡಿಯ ಮೊಮ್ಮಗು! ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರಿದ್ದರೆ ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಸಿ. ದಿನಾ ರಾತ್ರಿ ಪಾದದ ಅಡಿಯನ್ನು ಅವರು ನೋಡಿಕೊಳ್ಳಲಿ; ಬಗ್ಗಲಾಗದಿದ್ದರೆ ನೀವು ನೋಡಿ. ಚಪ್ಪಲಿ ಹಾಕುವ ಮೊದಲು ಒಳಗೆ ಕಲ್ಲು ಮೊಳೆ ಇದೆಯೇ ಎಂದು ಕೈಯಾಡಿಸಲಿ. ಸ್ನಾನದ ನೀರಿನ ಬಿಸಿಯನ್ನು ಕಾಲಿಂದ ನೋಡದೆ ಮೊಣಕೈಯಿಂದ ನೋಡಲಿ.

ದೂರದ ಊರಿನಲ್ಲಿರುವ ಅಪ್ಪ ಅಮ್ಮನಿಗೆ ಈ ವಾರ ಫೋನ್ ಮಾಡಿದಾಗ "ಊಟ ಆಯ್ತಾ?" ಎಂದು ಕೇಳುವುದರ ಜೊತೆಗೆ "ಪಾದ ನೋಡಿಕೊಂಡ್ರಾ?" ಎಂದೂ ಒಂದು ಮಾತು ಕೇಳಿ. ಅರಿವು ಕಳೆದ ಪಾದ ತಾನಾಗಿ ದೂರು ಹೇಳುವುದಿಲ್ಲ. ಅದರ ಪರವಾಗಿ ಯಾರಾದರೂ ಕೇಳಲೇಬೇಕು.